ಸ್ಪ್ರಿಂಗ್‌ಸ್ಟೀನ್ ತಂಡದ ಸ್ಯಾಕ್ಸೊಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸ್ ಯಾರು?

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಇ ಸ್ಟ್ರೀಟ್ ಬ್ಯಾಂಡಿನ 'ಬಿಗ್ ಮ್ಯಾನ್' ಇವರೇ. 1942ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದರು. ಒಂಬತ್ತನೇ ವಯಸ್ಸಿನ ಕ್ರಿಸ್‌ಮಸ್‌ಗೆ ಆಟದ ರೈಲು ಬೇಕಿತ್ತು, ಅಪ್ಪ ಕೊಟ್ಟದ್ದು ಸ್ಯಾಕ್ಸೊಫೋನ್! ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದರು. ಕಾರು ಅಪಘಾತವಾಗಿ ಆ ದಾರಿ ಮುಚ್ಚಿತು.

ನ್ಯೂಜೆರ್ಸಿಯ ಆಸ್ಬರಿ ಪಾರ್ಕ್‌ನಲ್ಲಿ ಸ್ಪ್ರಿಂಗ್‌ಸ್ಟೀನ್ ಸಿಕ್ಕರು. ಬಿರುಗಾಳಿಯ ರಾತ್ರಿ, ಕ್ಲೆಮನ್ಸ್ ಕ್ಲಬ್ಬಿನ ಬಾಗಿಲು ತೆಗೆದರೆ ಅದು ಕಿತ್ತು ಹಾರಿಹೋಯಿತಂತೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು ಬಿಡಿ.

1975ರ 'ಬಾರ್ನ್ ಟು ರನ್' ಆಲ್ಬಮ್ಮಿನ ಕವರ್ ಪೂರ್ತಿ ಬಿಡಿಸಿ ನೋಡಿ. ಸ್ಪ್ರಿಂಗ್‌ಸ್ಟೀನ್ ಒರಗಿರುವುದು ಇವರ ಹೆಗಲಿಗೆ. ಅದರಲ್ಲಿರುವ 'ಜಂಗಲ್‌ಲ್ಯಾಂಡ್' ಹಾಡಿನಲ್ಲಿ ಇವರ ಸ್ಯಾಕ್ಸೊಫೋನ್ ಸೋಲೋ ಎರಡು ನಿಮಿಷಕ್ಕೂ ಜಾಸ್ತಿ. ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಅದೇ.

2011ರಲ್ಲಿ, 69ನೇ ವಯಸ್ಸಿನಲ್ಲಿ ಪಾರ್ಶ್ವವಾಯುವಾಗಿ ತೀರಿಕೊಂಡರು. ಆಮೇಲೆ ಆ ಜಾಗಕ್ಕೆ ಬಂದದ್ದು ಸೋದರನ ಮಗ ಜೇಕ್.