ಲೈಬ್ರರಿ ಆಮೇಲೆ, ಮೊದಲು ಕಿಸೆ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೂರನೇ ಸಲ ಓದಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು, ಸಿಟ್ಟು ಆರಿರಲಿಲ್ಲ.

ಬರೆದವರು ಹುಬ್ಬಳ್ಳಿಯವರು, ಹೆಸರು ಬೇಡ ಅಂದಿದ್ದಾರೆ. ವಯಸ್ಸು 36, ಓದಿದ್ದು ಬಿ.ಕಾಂ., ಮನೆಯಲ್ಲಿ ಹೆಂಡತಿ ಮತ್ತು ಒಂದನೇ ಇಯತ್ತೆಯ ಮಗಳು. ಮೈಕ್ರೋ ಫೈನಾನ್ಸ್ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್. ದಿನಾ ರೈಲಿನಲ್ಲಿ ಗದಗಿಗೆ ಹೋಗಿ, ಅಲ್ಲಿಂದ ಬೈಕಿನಲ್ಲಿ ಹಳ್ಳಿ ಸುತ್ತಿ, ಮಹಿಳಾ ಗುಂಪುಗಳಿಂದ ವಾರದ ಕಂತು ತರುವುದು ಕೆಲಸ. ಸಂಬಳ 21,000. ಸೇರಿ ನಾಲ್ಕು ವರ್ಷ ಒಂಬತ್ತು ತಿಂಗಳಾಯಿತು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಸಂಜೆ ಹುಬ್ಬಳ್ಳಿಯಲ್ಲಿ ರೈಲು ಇಳಿದ ಮೇಲೆ ಸೀದಾ ಮನೆಗೆ ಹೋಗುವುದಿಲ್ಲವಂತೆ. ಆ ಉದ್ದನೆಯ ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ವಾಪಸ್ ನಡೆದು, ಆಮೇಲೆ ಮನೆ. ಅದು 1,507 ಮೀಟರ್ ಇದೆ, ಗೊತ್ತಲ್ವಾ? ಹೋಗಿ ಬಂದರೆ ಮೂರು ಕಿಲೋಮೀಟರ್. ಒಬ್ಬ ಮನುಷ್ಯ ಮನೆಗೆ ಹೋಗೋದನ್ನ ಅಷ್ಟು ದೂರ ಮುಂದಕ್ಕೆ ಹಾಕುತ್ತಾನೆ ಅಂದರೆ ಏನೋ ಇದೆ.

"ಕಡಿಮೆ ಸಂಬಳ ಆದರೂ ಪರವಾಗಿಲ್ಲ ಮೇಡಂ, ಟೆನ್ಶನ್ ಇಲ್ಲದ ಕೆಲಸ ಹೇಳಿ" ಅಂತ ಕೇಳಿ, ತಾವೇ ನಾಲ್ಕು ಬರೆದಿದ್ದಾರೆ. ಗ್ರಾಮ ಪಂಚಾಯ್ತಿ ಲೈಬ್ರರಿ, ಗ್ರಾಮ ಆಡಳಿತ ಅಧಿಕಾರಿ ಹುದ್ದೆ, ಎರಡು ಎಮ್ಮೆ ಕಟ್ಟಿ ಹಾಲಿನ ವ್ಯಾಪಾರ, ಇಲ್ಲವೇ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯೋದು.

ನಾಲ್ಕರ ಬಗ್ಗೆಯೂ ಹೇಳುತ್ತೇನೆ. ಆದರೆ ಎರಡನೇ ಪುಟದ ಕೆಳಗೆ, ಜಾಗ ಉಳಿದಿತ್ತು ಅಂತ ಬರೆದ ಹಾಗೆ ಒಂದು ಸಾಲಿದೆ. "ಯಾರಾದರೂ ಕಟ್ಟದಿದ್ದರೆ ಕೆಲವು ಸಲ ನಾನೇ ಹಾಕಿ ಸೆಂಟರ್ ಕ್ಲೋಸ್ ಮಾಡ್ತೀನಿ. ತಿಂಗಳಿಗೆ ಸಾವಿರದ ಐನೂರು, ಎರಡು ಸಾವಿರ. ಅದು ಎಲ್ಲರೂ ಮಾಡ್ತಾರೆ. ಮನೆಯಲ್ಲಿ ಹೇಳಿಲ್ಲ, ಸುಮ್ನೆ ಅವಳಿಗೂ ಟೆನ್ಶನ್." (ಸೆಂಟರ್ ಕ್ಲೋಸ್ ಅಂದರೆ ಆ ಗುಂಪಿನ ವಾರದ ವಸೂಲಿ ಪೂರ್ತಿ ಆಯಿತು ಅಂತ ಲೆಕ್ಕ ಮುಗಿಸೋದು.)

ತಮ್ಮಾ, ನಿಮ್ಮ ಪತ್ರ ಇರೋದೇ ಆ ಸಾಲಿನಲ್ಲಿ. ಉಳಿದ ಎರಡು ಪುಟ ಅದರ ಸುತ್ತ ಹಾಕಿದ ಬೇಲಿ.

ದ್ಯಾಮವ್ವನ ಗುಡಿ ಕಟ್ಟೆಯ ಮೇಲಿನ ಸಭೆಯನ್ನು ಚೆನ್ನಾಗಿ ಬರೆದಿದ್ದೀರಿ. ಹತ್ತು ಜನ ಹೆಣ್ಣುಮಕ್ಕಳು, ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಪಾಸ್‌ಬುಕ್, ಸೆರಗಿನ ಗಂಟು ಬಿಚ್ಚಿ ತೆಗೆದ ಒದ್ದೆ ನೋಟು. ಒಂಬತ್ತು ಜನರದ್ದು ಆಯಿತು. ಹತ್ತನೆಯವಳು ಕಟ್ಟೆಯ ಸಂದಿಯ ಹುಲ್ಲು ಕೀಳುತ್ತಾ, "ಸರ, ಮುಂದಿನ ವಾರ ಎರಡೂ ಕೂಡ್ಸಿ ಕಟ್ತೀನ್ರಿ" ಅನ್ನುತ್ತಾಳೆ. ಗುಂಪಿನ ಸಾಲ ಅಂದರೆ ಉಳಿದ ಒಂಬತ್ತು ಜನ ಜಾಮೀನು ನಿಂತ ಹಾಗೆ. ಅವರು ಆಕಾಶ ನೋಡುತ್ತಾರೆ. ಅಷ್ಟರಲ್ಲಿ ಬ್ರಾಂಚಿನಿಂದ ಫೋನ್, "ಕ್ಲೋಸ್ ಆತೇನು?" ನೀವು ಕಿಸೆಗೆ ಕೈ ಹಾಕುತ್ತೀರಿ.

ನಾನು ಇಪ್ಪತ್ತೆರಡು ವರ್ಷ ಧಾರವಾಡದ ಒಂದು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು. ಸಂಜೆ ಟ್ಯಾಲಿ ಆಗದಿದ್ದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಗೊತ್ತು. ಒಂದು ಸಲ 500 ಕಡಿಮೆ ಬಿತ್ತು, ಪರ್ಸಿನಿಂದ ತೆಗೆದು ಹಾಕಿದೆ. ನನ್ನ ಎಣಿಕೆಯ ತಪ್ಪು, ನನ್ನ ದಂಡ. ಮನೆಗೆ ಹೋಗಿ ರೊಟ್ಟಿ ತಿಂದು ಮಲಗಿದೆ. ನಿಮ್ಮದು ಹಾಗಲ್ಲ. ನೀವು ಎಣಿಸಿದ್ದು ಸರಿಯಾಗಿಯೇ ಇದೆ. ಕಡಿಮೆ ಬಿದ್ದದ್ದು ಬೇರೆಯವರ ಮನೆಯಲ್ಲಿ.

ತಿಂಗಳಿಗೆ 1,500 ಅಂತ ಹಿಡಿದರೂ, ನೀವು ಹೀಗೆ ಹಾಕುತ್ತಿರುವ ಎರಡು ವರ್ಷಕ್ಕೆ 36,000 ಆಯಿತು. ಅದರಲ್ಲಿ ವಾಪಸ್ ಬಂದದ್ದೆಷ್ಟು? ನೀವು ಬರೆದಿಲ್ಲ, ಬಂದಿಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಅಂದರೆ ಕಂಪನಿಯೊಳಗೆ ಇನ್ನೊಂದು ಕಂಪನಿ ನಡೆಸುತ್ತಿದ್ದೀರಿ. ಬಡ್ಡಿ ಇಲ್ಲ, ಪಾಸ್‌ಬುಕ್ ಇಲ್ಲ, ಪಾಲುದಾರಳಾದ ಹೆಂಡತಿಗೆ ಸುದ್ದಿಯೂ ಇಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗದೆ ಇನ್ನೇನು?

ದುಡ್ಡಿನ ಮಾತು ಬಿಡಿ, ಇದರಲ್ಲಿ ಬೇರೆ ಅಪಾಯವಿದೆ. ಆಕೆ ಕಟ್ಟದ ಕಂತನ್ನು ಆಕೆ ಕಟ್ಟಿದಳು ಅಂತ ನೀವು ದಾಖಲೆ ಮಾಡುತ್ತಿದ್ದೀರಿ. ನಾಳೆ ಆಡಿಟ್ ಬಂದರೆ ಅಲ್ಲಿರೋದು ನಿಮ್ಮ ಎಂಟ್ರಿ, ಮ್ಯಾನೇಜರನದ್ದಲ್ಲ. ಆಕೆಗೂ ಇದರಿಂದ ಉಪಕಾರವಾಗಿಲ್ಲ. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆದರೆ ನೀವು ತುಂಬಿದ್ದರಿಂದ ಕಾಗದದಲ್ಲಿ ಆಕೆಯ ಕಂತು ತಪ್ಪಿಯೇ ಇಲ್ಲ. ಮೇಲಿಂದ ಮೇಲೆ ಹೊಸ ಸಾಲ ಸಿಗುತ್ತಲೇ ಇರುತ್ತದೆ. ಇನ್ನು, ಬಾಕಿ ಅಂತ ಬರೆದರೆ ಸಂಬಳದಲ್ಲಿ ಮುರಿಯುತ್ತಾರೆ ಅನ್ನೋ ಭಯ ಇದ್ದರೆ ಕೇಳಿ. ನೌಕರನ ನಿರ್ಲಕ್ಷ್ಯದಿಂದ ಆದ ನಷ್ಟವನ್ನು ಮಾತ್ರ, ಅದೂ ಅವನ ವಿವರಣೆ ಕೇಳಿದ ಮೇಲೆ, ಸಂಬಳದಲ್ಲಿ ಮುರಿಯಬಹುದು ಅನ್ನುತ್ತದೆ ಕಾನೂನು. ಸಾಲಗಾರ ಕಟ್ಟದಿದ್ದದ್ದು ನಿಮ್ಮ ನಿರ್ಲಕ್ಷ್ಯ ಅಲ್ಲ.

ನಿಮ್ಮ ಮಂಗಳವಾರದ ರೂಟಿನಲ್ಲಿ ಕಣಗಿನಹಾಳ ಇದೆಯಂತೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು, ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತಾರೆ. ಸಾಲ, ವಸೂಲಿ, ಬಾಕಿ ಆ ಊರಿಗೆ ಹೊಸದೇನಲ್ಲ. ಬಾಕಿ ಬಿದ್ದರೆ ಬಾಕಿ ಅಂತ ಬರೆಯೋಕೇ ಅಲ್ವಾ ಪುಸ್ತಕ ಇರೋದು?

ಮ್ಯಾನೇಜರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನ ಮೇಲೂ ಒಬ್ಬ ಇದ್ದಾನೆ, ಅವನಿಗೂ ಫೋನ್ ಬರುತ್ತದೆ. ನನಗೆ ಸಿಟ್ಟು ಬಂದದ್ದು ನಿಮ್ಮ ಸೋದರಮಾವನ ಮೇಲೆ. ಈ ಕೆಲಸ ಕೊಡಿಸಿದವರು ಅವರು. ಎರಡು ವರ್ಷದ ಹಿಂದೆ ನೀವು ಬಿಡುತ್ತೇನೆ ಅಂದಾಗ "ನನ್ನ ಮಾರಿ ನೋಡಿ ಕೆಲಸ ಕೊಟ್ಟಾರ, ನನ್ನ ಮರ್ಯಾದಿ ಕಳೀಬ್ಯಾಡ" ಅಂದರಂತೆ. ನೀವು ಕಿಸೆಯಿಂದ ಹಾಕೋಕೆ ಶುರು ಮಾಡಿದ್ದೂ ಎರಡು ವರ್ಷದ ಹಿಂದೆಯೇ. ಇದನ್ನು ನೀವು ಎರಡು ಬೇರೆ ಬೇರೆ ಪುಟದಲ್ಲಿ ಬರೆದಿದ್ದೀರಿ, ನಾನು ಪಕ್ಕ ಪಕ್ಕ ಇಟ್ಟು ನೋಡಿದೆ. ಮಾವನವರ ಮರ್ಯಾದೆಯ ಕಂತನ್ನೂ ನೀವೇ ಕಟ್ಟುತ್ತಿದ್ದೀರಿ. ಅವರು ದೀಪಾವಳಿಗೆ ಬಂದು ಹೋಳಿಗೆ ತಿಂದು ಹೋಗುತ್ತಾರೆ.

ಈಗ ನಿಮ್ಮ ನಾಲ್ಕು ಕೆಲಸ. ಹಳೇ ಓದುಗರಿಗೆ ನನ್ನ ಹಠ ಗೊತ್ತು. ಸಂಜೆ ಬಾಗಿಲು ಹಾಕಿದ ಮೇಲೆ ಒಳಗೇ ಉಳಿಯೋ ಕೆಲಸ ಒಳ್ಳೇದು, ಬೆನ್ನು ಹತ್ತಿ ಮನೆಗೆ ಬರೋದು ಕೆಟ್ಟದ್ದು. ಕೆಲಸ ಎಷ್ಟಿದೆ ಅನ್ನೋದು ಆಮೇಲಿನ ಮಾತು, ಅದರ ಮೇಲೆ ನಿಮ್ಮ ಹಿಡಿತ ಎಷ್ಟಿದೆ ಅನ್ನೋದು ಮೊದಲು. ಇದು ಬರೀ ನನ್ನ ಹಠ ಅಲ್ಲ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಅಂತ ಶುರುವಾಯಿತು. ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ದೊಡ್ಡ ಸಾಹೇಬರಲ್ಲ, ಕೆಳಗಿನ ದರ್ಜೆಯವರು. ಮುಂದೆ 1985ರಿಂದ ಎರಡನೇ ಸಲ ನೋಡಿದಾಗ, ಕೆಲಸದ ಮೇಲೆ ಹಿಡಿತ ಇಲ್ಲದಿರೋದು ಒಂದು ಮುಖ್ಯ ಕಾರಣ ಅಂತ ಕಂಡಿತು.

ಲೈಬ್ರರಿ ನಿಮಗೆ ಇಷ್ಟ, ಯಾರಿಗೆ ಇಷ್ಟ ಇಲ್ಲ ಹೇಳಿ. ಆದರೆ ಪಂಚಾಯ್ತಿಗೆ ಇರೋದು ಒಂದೇ ಹುದ್ದೆ, ಅದು ಖಾಲಿ ಆಗೋದು ಯಾವಾಗಲೋ. ಗ್ರಾಮ ಆಡಳಿತ ಅಧಿಕಾರಿ ಅಂದರೆ ಕುರ್ಚಿ, ಫ್ಯಾನು, ನೆಮ್ಮದಿ ಅಂದುಕೊಂಡಿದ್ದೀರಿ. 2024ರಲ್ಲಿ ಅವರೇ ಮುಷ್ಕರಕ್ಕೆ ಕೂತಿದ್ದು ಒಂದು ಮೊಬೈಲ್ ಮೇಲೆ ಹತ್ತಾರು ಆ್ಯಪ್ ಹೇರಿದ್ದಾರೆ, ಒತ್ತಡ ತಡೆಯೋಕೆ ಆಗ್ತಿಲ್ಲ ಅಂತ! ಜೊತೆಗೆ ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ ಒಂದಕ್ಕೆ 40. ಆಗಾಗ ಸಡಿಲ ಮಾಡುತ್ತಾರೆ, ಅದನ್ನೇ ನಂಬಿ ಕೂರಬೇಡಿ. ಎಮ್ಮೆ ಬೇಡ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ತಳಿ ಅಂತ ಮಾನ್ಯತೆಯೂ ಸಿಕ್ಕಿತು, ಪೇಡೆಗೆ ಅದರ ಹಾಲೇ ಆಗಬೇಕು, ಎಲ್ಲ ಸರಿ. ಆದರೆ ಎಮ್ಮೆಗೆ ಭಾನುವಾರ ಇಲ್ಲ, ಯುಗಾದಿ ಇಲ್ಲ.

ನಾಲ್ಕರಲ್ಲಿ ನಿಮಗೆ ಹೊಂದೋದು ಬ್ಯಾಡಗಿ. ಚೀಲ ಒಳಗೆ, ಚೀಲ ಹೊರಗೆ, ಲಾಟ್ ನಂಬರ್, ರಸೀದಿ. ಲೆಕ್ಕ ಚೀಲದ್ದು, ಕಣ್ಣೀರಿನದ್ದಲ್ಲ. (ಮೆಣಸಿನಕಾಯಿ ಘಾಟಿಗೆ ಬರೋ ಕಣ್ಣೀರು ಬೇರೆ.) ಸುಗ್ಗಿಯ ತಿಂಗಳುಗಳಲ್ಲಿ ಉಸಿರಾಡೋಕೆ ಬಿಡುವಿರುವುದಿಲ್ಲ. ರೇಟು ಬಿದ್ದರೆ ಮಾರುಕಟ್ಟೆ ಹೇಗೆ ಹೊತ್ತಿಕೊಳ್ಳುತ್ತದೆ ಅಂತ 2024ರ ಮಾರ್ಚಿನಲ್ಲಿ ಎಲ್ಲರೂ ನೋಡಿದ್ದೇವೆ. ಆದರೆ ಸುಗ್ಗಿ ಮುಗಿದ ಮೇಲೆ ಮುಗಿಯುತ್ತದೆ. ರಾಣೆಬೆನ್ನೂರಿನ ಬೀಜದ ಕಂಪನಿಗಳ ಗೋಡೌನಿನಲ್ಲೂ ಇಂಥದ್ದೇ ಕೆಲಸ ಇರುತ್ತದೆ, ಅಲ್ಲೂ ವಿಚಾರಿಸಿ. ಮನೆ ಬದಲಿಸಬೇಕಾದೀತು, ಅದಕ್ಕೂ ಹೆಂಡತಿಗೆ ಹೇಳಲೇಬೇಕು.

ಆದರೆ ಇವತ್ತೇ ರಾಜೀನಾಮೆ ಬೇಡ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಬರುತ್ತದೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ನಿಮ್ಮ ಮೂಲ ಸಂಬಳ 14,000 ಅಂದಿದ್ದೀರಿ, ಹತ್ತತ್ತಿರ 40,000 ಆಗುತ್ತದೆ. ಕಿಸೆಯಿಂದ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಮೂರು ತಿಂಗಳು. ಅಲ್ಲಿಯವರೆಗೂ ನಿದ್ದೆ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿ ಮೂರಕ್ಕೂ ಎತ್ತುತ್ತಾರೆ.

ಇಷ್ಟೆಲ್ಲ ಬರೆದು ನಾನು ನಿಮಗೆ ಹೇಳೋದು ಒಂದೇ ಕೆಲಸ. ಸೋಮವಾರ ಬೆಳಗ್ಗೆ ಬೈಕಿನ ಪೆಟ್ರೋಲಿಗೆ 200 ರೂಪಾಯಿ ಮಾತ್ರ ಇಟ್ಟುಕೊಳ್ಳಿ. ಉಳಿದ ದುಡ್ಡು, ಎಟಿಎಂ ಕಾರ್ಡು ಹೆಂಡತಿಯ ಕೈಗೆ ಕೊಡಿ. ಫೋನಿನಲ್ಲಿ ದುಡ್ಡು ಹಾಕೋ ಆ್ಯಪ್ ಅವರ ಮುಂದೆಯೇ ತೆಗೆಯಿರಿ. ಯಾಕೆ ಅಂತ ಅವರು ಕೇಳೇ ಕೇಳುತ್ತಾರೆ. ಆಗ ಹೇಳಿ, 36,000ದ ಲೆಕ್ಕ ಸಮೇತ. ಬಯ್ಯುತ್ತಾರೆ, ಬಯ್ಯಿಸಿಕೊಳ್ಳಿ. ಗುಡಿ ಕಟ್ಟೆಯ ಮೇಲೆ ಹತ್ತನೆಯವಳು ಮುಂದಿನ ವಾರ ಅಂದರೆ ಬಾಕಿ ಅಂತ ಎಂಟ್ರಿ ಮಾಡಿ. ಮ್ಯಾನೇಜರ್ ಕೂಗುತ್ತಾನೆ, ಕೂಗಲಿ. ಮಾವನವರಿಗೆ ಸುದ್ದಿ ತಾನಾಗೇ ಹೋಗುತ್ತದೆ, ನೀವು ಹೇಳಬೇಕಾಗಿಲ್ಲ.

ಮೂರು ತಿಂಗಳು ಬಿಟ್ಟು ಇನ್ನೊಂದು ಪತ್ರ ಹಾಕಿ. ಪ್ಲಾಟ್‌ಫಾರ್ಮಿನಲ್ಲಿ ಎಷ್ಟು ದೂರ ನಡೆಯುತ್ತಿದ್ದೀರಿ ಅಂತ ಮೊದಲು ಬರೆಯಿರಿ, ಬ್ಯಾಡಗಿಯ ಮಾತು ಆಮೇಲೆ.