ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ಪ್ರಶ್ನೆ: ನಮ್ಮ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್‌ನಲ್ಲಿ ಬಟ್ಟೆ ಒಗೆಯುವ ಭಾಗ ಚೆನ್ನಾಗಿದೆ, ಡ್ರೈಯರ್ ಮಾತ್ರ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಈ ಮಳೆಯಲ್ಲಿ ಬಟ್ಟೆ ಒಣಗಿಸುವುದು ಹೇಗೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಸದ್ದು ಬರುತ್ತಿರುವುದರಿಂದ ಮೋಟಾರಿಗೆ ವಿದ್ಯುತ್ ತಲುಪುತ್ತಿದೆ, ಮುಚ್ಚಳದ ಸ್ವಿಚ್ಚನ್ನು ಸಂದೇಹಿಸಬೇಕಾಗಿಲ್ಲ. ಪ್ಲಗ್ ತೆಗೆದು, ಟಾರ್ಚ್ ಹಿಡಿದು ಒಳಟಬ್ಬಿನ ಸುತ್ತಲಿನ ಸಂದಿಯನ್ನು ನೋಡಿ. ಮಕ್ಕಳ ಕಾಲುಚೀಲವೋ ಕರವಸ್ತ್ರವೋ ಜಾರಿ ಬಿದ್ದು ಬುಡಕ್ಕೆ ಸುತ್ತಿಕೊಂಡಿರುವುದು ಬಹಳ ಸಾಮಾನ್ಯ. ಮುಚ್ಚಳ ತೆರೆದಾಗ ಟಬ್ ಬಿಗಿಯಾಗಿರುವುದು ದೋಷವಲ್ಲ, ಆಗ ಬ್ರೇಕ್ ಹಿಡಿದಿರುತ್ತದೆ. ಆದರೆ ಮುಚ್ಚಿದಾಗ ಅದನ್ನು ಎಳೆದು ಬಿಡಿಸಬೇಕಾದ ತಂತಿ ಸಡಿಲವಾಗಿದ್ದರೆ ಮೋಟಾರ್ ಹೀಗೆಯೇ ಗುಂಯ್‌ಗುಟ್ಟುತ್ತದೆ. ಇವೆರಡೂ ಸರಿಯಿದ್ದರೆ, ಮೋಟಾರ್ ತಿರುಗಲು ಆರಂಭದ ಬಲ ಕೊಡುವ ಕೆಪಾಸಿಟರ್ ಎಂಬ ಬಿಡಿಭಾಗ ದುರ್ಬಲವಾಗಿರಬಹುದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ದಯವಿಟ್ಟು ಅದನ್ನು ನೀವು ಮುಟ್ಟಬೇಡಿ, ಮೆಕ್ಯಾನಿಕ್ಕಿಗೇ ಬಿಡಿ. ತಿರುಗದ ಮೋಟಾರನ್ನು ಮತ್ತೆ ಮತ್ತೆ ಚಾಲೂ ಮಾಡಿದರೆ ಅದರೊಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟುಹೋಗಬಹುದು.