ಎಚ್‌ಐವಿ ಇರುವ ಕಪ್ಪು ವರ್ಣೀಯರು ಸಿಗರೇಟು ಬಿಡಲು ಆ್ಯಪ್ ಮಾಡುತ್ತಿದ್ದೇವೆ, ಮೊದಲು ಯಾವ ಫೀಚರ್ ಕಟ್ಟಬೇಕು?

ಕೆಲವು ವರ್ಷಗಳ ಹಿಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ನೀವು ಪಬ್ಲಿಕ್ ಹೆಲ್ತ್ ಓದುತ್ತಿದ್ದೀರಿ, ನಾನು ಕೋಡ್ ಬರೆಯುತ್ತಿದ್ದೆ, ವ್ಯತ್ಯಾಸ ಇಷ್ಟೇ. ನಿಮ್ಮ ಪಟ್ಟಿಯಲ್ಲಿರುವ ಬ್ಯಾಡ್ಜು, ಉಳಿತಾಯದ ಲೆಕ್ಕ, ದಿನಕ್ಕೊಂದು ಸಂದೇಶ, ಮಾತ್ರೆಯ ಜೊತೆಗೇ ಸಿಗರೇಟಿನ ನೆನಪು, ಇವೆಲ್ಲ ನಮ್ಮ ಪಟ್ಟಿಯಲ್ಲೂ ಇದ್ದವು. ಮೊದಲು ಯಾವುದು ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ ಅನ್ನುವುದು ನನ್ನ ಉತ್ತರ.

ಒಂದು ಎಚ್‌ಐವಿ ಕ್ಲಿನಿಕ್ಕಿಗೆ ಕಾಂಟ್ರಾಕ್ಟ್ ಮೇಲೆ ಸೇರಿದ್ದೆ. ಊರಲ್ಲಿ ಕೇಳಿ ಬೆಳೆದಿದ್ದ 'ಏಡ್ಸ್ ಬಂದರೆ ಮುಗಿಯಿತು' ಅನ್ನುವ ಮಾತೇ ಆಗಲೂ ತಲೆಯಲ್ಲಿತ್ತು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಅದನ್ನು ತಿದ್ದಿದರು. ಮಾತ್ರೆ ತಪ್ಪಿಸದವರಿಗೆ ಈಗ ವೈರಸ್‌ಗಿಂತ ಸಿಗರೇಟಿನದೇ ಭಯ ಅಂದರು. 2017ರಲ್ಲಿ ಅಮೆರಿಕದ ಸಂಶೋಧಕರು ಹಾಕಿದ ಲೆಕ್ಕ ತೋರಿಸಿದರು: ಎಚ್‌ಐವಿ ಮಾತ್ರೆಯನ್ನು ಸರಿಯಾಗಿ ನುಂಗುತ್ತಾ ಸಿಗರೇಟು ಮಾತ್ರ ಬಿಡದವರು, ಏಡ್ಸ್‌ಗಿಂತ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ 6ರಿಂದ 13 ಪಟ್ಟು ಹೆಚ್ಚು. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಅಂಥವರ ಆಯಸ್ಸಿನಿಂದ ಎಚ್‌ಐವಿ ಸುಮಾರು 5 ವರ್ಷ ಕಿತ್ತುಕೊಂಡರೆ ಸಿಗರೇಟು 12 ವರ್ಷ ಕಿತ್ತುಕೊಳ್ಳುತ್ತದೆ. ಅಮೆರಿಕದ ಜನಸಂಖ್ಯೆಯಲ್ಲಿ ಶೇ 13ರ ಆಸುಪಾಸು ಇರುವ ಕಪ್ಪು ವರ್ಣೀಯರು, ಎಚ್‌ಐವಿ ಇರುವವರಲ್ಲಿ ಶೇ 40ರಷ್ಟಿದ್ದಾರೆ. ಹಾಗಾಗಿ ನೀವು ಹಿಡಿದಿರುವ ಕೆಲಸ ಸಣ್ಣದಲ್ಲ. ಅದನ್ನು ಆ್ಯಪ್‌ನಿಂದ ಶುರುಮಾಡುತ್ತಿದ್ದೀರಲ್ಲ, ಅದಕ್ಕೆ ನನ್ನ ತಕರಾರು.

ನಮ್ಮ ಆ್ಯಪ್ ತೆರೆದ ಕೂಡಲೇ ಕೇಳುತ್ತಿದ್ದ ಪ್ರಶ್ನೆ: ದಿನಕ್ಕೆ ಎಷ್ಟು ಪ್ಯಾಕ್? ಪ್ಯಾಕಿಗೆ ಎಷ್ಟು ಡಾಲರ್? ಉತ್ತರ ಬಂದರೆ ತಾನೇ ಉಳಿತಾಯದ ಲೆಕ್ಕ ಓಡುವುದು. ಕ್ಲಿನಿಕ್ಕಿಗೆ ಬರುತ್ತಿದ್ದ ಎಷ್ಟೋ ಜನ ಪ್ಯಾಕ್ ಕೊಳ್ಳುತ್ತಲೇ ಇರಲಿಲ್ಲ. ಲೆಕ್ಸಿಂಗ್ಟನ್ ಮಾರ್ಕೆಟ್ ಕಡೆ ಹೋಗಿ ನೋಡಿ, ನಮ್ಮೂರ ಬೀಡಾ ಅಂಗಡಿಯಲ್ಲಿ ಬಿಡಿ ಸಿಗರೇಟು ಕೊಂಡ ಹಾಗೆ ಒಂದೊಂದಾಗಿ ಕೊಳ್ಳುತ್ತಾರೆ. ಅಲ್ಲಿ ಅದು ಕಾನೂನುಬಾಹಿರ, ಆದರೂ ನಡೆಯುತ್ತದೆ. ಅದಕ್ಕೆ ಲೂಸಿ ಅನ್ನುತ್ತಾರೆ. ದಿನಕ್ಕೆ ಐದಾರು ಸೇದುವವರು ನಮ್ಮ ಪ್ರಶ್ನೆಯ ಮುಂದೆ ಸೊನ್ನೆ ಒತ್ತಿ ಮುಂದೆ ಹೋಗುತ್ತಿದ್ದರು, ಆ್ಯಪ್ ಅವರಿಗೆ 'ಅಭಿನಂದನೆ' ಹೇಳುತ್ತಿತ್ತು. ಕಪ್ಪು ವರ್ಣೀಯರಲ್ಲಿ ದಿನಕ್ಕೆ 10 ಅಥವಾ ಅದಕ್ಕಿಂತ ಕಡಿಮೆ ಸೇದುವವರೇ ಬಹಳ. ಕಡಿಮೆ ಸೇದುತ್ತಾರೆ ಅಂತ ಬಿಡುವುದು ಸುಲಭ ಅಂದುಕೊಳ್ಳಬೇಡಿ, ಅವರಿಗೆ ಅದೂ ಕಷ್ಟವೇ.

ಇನ್ನು ಮೆಂಥಾಲ್, ಅಂದರೆ ಪುದೀನದಂಥ ತಂಪು ಕೊಡುವ ಫ್ಲೇವರ್. ನಿಮ್ಮ ಪ್ರಶ್ನೆಯಲ್ಲಿ ಅದರ ಹೆಸರೇ ಇಲ್ಲ, ಓದುವಾಗಲೇ ನನಗೆ ಗಾಬರಿಯಾಯಿತು. ಸೇದುವ ಕಪ್ಪು ವರ್ಣೀಯರಲ್ಲಿ ಐದರಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಮೆಂಥಾಲ್ ಸಿಗರೇಟನ್ನೇ ಸೇದುತ್ತಾರೆ. 1950ರ ದಶಕದಲ್ಲಿ ಇದು ಹತ್ತರಲ್ಲಿ ಒಬ್ಬರಷ್ಟೂ ಇರಲಿಲ್ಲ. ಆ ಮೇಲೆ ಕಂಪನಿಗಳು ಕಪ್ಪು ವರ್ಣೀಯರ ಬಡಾವಣೆಗಳಿಗೇ ಗುರಿಯಿಟ್ಟು ಜಾಹೀರಾತು ಸುರಿದವು, ವ್ಯಾನ್ ತಂದು ಬಿಟ್ಟಿ ಸಿಗರೇಟು ಹಂಚಿದವು, ಜಾಝ್ ಉತ್ಸವ ನಡೆಸಿದವು. 2009ರ ಕಾನೂನು ಸಿಗರೇಟಿನ ಉಳಿದ ಫ್ಲೇವರ್‌ಗಳನ್ನೆಲ್ಲ ನಿಷೇಧಿಸಿ ಮೆಂಥಾಲ್ ಒಂದನ್ನು ಬಿಟ್ಟಿತು. 2022ರಲ್ಲಿ ಅದನ್ನೂ ನಿಲ್ಲಿಸಲು ಎಫ್‌ಡಿಎ, ಅಂದರೆ ಔಷಧಿ, ತಂಬಾಕುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಕರಡು ನಿಯಮ ತಂದಿತು, 2025ರ ಜನವರಿಯಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲಾಯಿತು. ಮೆಂಥಾಲ್ ಗಂಟಲಿನ ಉರಿಯನ್ನು ಮರೆಸುತ್ತದೆ, ಹೊಗೆ ಆಳಕ್ಕಿಳಿಯುತ್ತದೆ, ಬಿಡುವುದು ಇನ್ನಷ್ಟು ಕಷ್ಟವಾಗುತ್ತದೆ. ನ್ಯೂಪೋರ್ಟ್ ಅನ್ನುವ ಮೆಂಥಾಲ್ ಸಿಗರೇಟು ಸೇದಿದರೆ ಎದೆ ಹಗುರಾಗುತ್ತದೆ ಅಂತ ನನಗೇ ಹೇಳಿದವರಿದ್ದರು. ಇದನ್ನು ಬಿಟ್ಟು ಚಿತ್ರದಲ್ಲಿರುವ ಮುಖಗಳ ಬಣ್ಣವನ್ನಷ್ಟೇ ಬದಲಿಸಿ 'ಕಪ್ಪು ಸಮುದಾಯಕ್ಕೆ ಹೊಂದಿಸಿದ ಆ್ಯಪ್' ಅನ್ನಬೇಡಿ.

ಈಗ ನನ್ನ ಕೈಯಿಂದ ಆದ ತಪ್ಪು. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಏಕೆಂದರೆ ನಿಮ್ಮ ತಂಡದಲ್ಲೂ ಇದನ್ನು ಯಾರೋ ಒಬ್ಬರು ಮಾಡಿಯೇ ಮಾಡುತ್ತಾರೆ.

ಬೆಳಿಗ್ಗೆ ಮಾತ್ರೆಯ ಹೊತ್ತಿಗೆ ಹೋಗುತ್ತಿದ್ದ ಸಂದೇಶ ಹೀಗಿತ್ತು: 'ನಿಮ್ಮ ಎಚ್‌ಐವಿ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ಇವತ್ತು ಸಿಗರೇಟು ಬಿಟ್ಟು ಅದಕ್ಕೆ ನೆರವಾಗಿ.' ಆ್ಯಪ್ ತೆರೆಯದೆಯೇ ಓದಲು ಸಿಗಲಿ ಅಂತ ಪೂರ್ತಿ ವಾಕ್ಯವನ್ನು ನೋಟಿಫಿಕೇಶನ್‌ನಲ್ಲೇ ಹಾಕಿದೆ. ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್‌ಗೆ ಮೂರು ಗುರುತುಗಳಿವೆ: ಪಬ್ಲಿಕ್, ಪ್ರೈವೇಟ್, ಸೀಕ್ರೆಟ್. ನಾನು ಪ್ರೈವೇಟ್ ಕೊಟ್ಟಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಪ್ರೈವೇಟ್ ಅನ್ನುವುದು ಕೆಲಸ ಮಾಡಬೇಕಾದರೆ ಫೋನಿಗೆ ಪಿನ್ನೋ ಪ್ಯಾಟರ್ನೋ ಇರಬೇಕು, ಮೇಲಾಗಿ ಸೆಟ್ಟಿಂಗ್‌ನಲ್ಲಿ ಗುಟ್ಟಿನ ವಿಷಯ ಮುಚ್ಚಿಡು ಅಂತಲೂ ಇರಬೇಕು. ಬೆರಳಲ್ಲಿ ಎಳೆದರೆ ತೆರೆಯುವ ಫೋನಿನಲ್ಲಿ ಆ ಗುರುತಿಗೆ ಬೆಲೆಯೇ ಇಲ್ಲ, ಎಲ್ಲವೂ ಪರದೆಯ ಮೇಲೆ ಬರುತ್ತದೆ. ನಾನು ಪರೀಕ್ಷೆ ಮಾಡಿದ್ದು ನನ್ನ ಐಫೋನಿನಲ್ಲಿ. ಅದು ನನ್ನ ಮುಖ ಕಂಡ ಮೇಲೆಯೇ ಸಂದೇಶದ ಒಳಗನ್ನು ತೋರಿಸುತ್ತದೆ, ಹಾಗಾಗಿ ನನ್ನ ಕಣ್ಣಿಗೆ ಎಂದೂ ತಪ್ಪು ಕಾಣಲಿಲ್ಲ. ನಮ್ಮವರ ಕೈಯಲ್ಲಿ ಇದ್ದದ್ದು ಬಡವರಿಗಾಗಿ ಇರುವ ಸರ್ಕಾರದ ಲೈಫ್‌ಲೈನ್ ಫೋನ್ ಯೋಜನೆಯಲ್ಲಿ ಸಿಕ್ಕ ಅಗ್ಗದ ಆಂಡ್ರಾಯ್ಡ್, ಬಹಳ ಫೋನುಗಳಿಗೆ ಪಿನ್ ಇರಲಿಲ್ಲ. ಸರ್ವರ್ ಎನ್‌ಕ್ರಿಪ್ಶನ್ ಆಗಿತ್ತು, ರೋಗಿಗಳ ಮಾಹಿತಿ ಕಾಪಾಡುವ ಹಿಪಾ ಕಾನೂನಿನ ಪರಿಶೀಲನೆ ಮುಗಿದಿತ್ತು, ಒಪ್ಪಿಗೆ ಪತ್ರಕ್ಕೆ ವಕೀಲರ ಸಹಿಯೂ ಬಿದ್ದಿತ್ತು. ಫೋನು ಮನೆಯಲ್ಲಿ ಎಲ್ಲಿ ಇರುತ್ತದೆ, ಅದನ್ನು ಯಾರ್ಯಾರು ಎತ್ತಿಕೊಳ್ಳುತ್ತಾರೆ ಅಂತ ನಾವು ಯಾರೂ ಕೇಳಲಿಲ್ಲ.

ಸಿಟಿ ಬಸ್ ಓಡಿಸಿ ನಿವೃತ್ತರಾದ ಒಬ್ಬರು ನಮ್ಮ ಆ್ಯಪ್ ಹಾಕಿಕೊಂಡಿದ್ದರು. ಅಕ್ಕನ ಮನೆಯಲ್ಲಿದ್ದರು, ಚರ್ಚಿನಲ್ಲಿ ಹಾಡುತ್ತಿದ್ದರು. ತಮಗೆ ಎಚ್‌ಐವಿ ಇದೆ ಅಂತ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗಿಟ್ಟ ಫೋನು ಬೆಳಗಿದೆ, ಆಗಷ್ಟೇ ಓದಲು ಕಲಿತಿದ್ದ ಅಕ್ಕನ ಮೊಮ್ಮಗಳು ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿದ್ದಾಳೆ.

ಅವರು ಆ್ಯಪ್ ತೆಗೆದುಹಾಕಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅವರು ಕ್ಲಿನಿಕ್ಕನ್ನೇ ಬಿಟ್ಟರು. ರಕ್ತಪರೀಕ್ಷೆಗೆ ಬರಲಿಲ್ಲ, ಮಾತ್ರೆ ಒಯ್ಯಲಿಲ್ಲ, ಫೋನ್ ನಂಬರ್ ಬದಲಾಯಿತು. ಎಷ್ಟೋ ತಿಂಗಳ ಮೇಲೆ ನರ್ಸ್ ಮನೆ ಹುಡುಕಿಕೊಂಡು ಹೋಗಿ ಕರೆತಂದಾಗ, ಮೊದಲು ಪರೀಕ್ಷೆಯಲ್ಲಿ ಕಾಣದಷ್ಟು ಇಳಿದಿದ್ದ ವೈರಸ್ ಮತ್ತೆ ಏರಿತ್ತು, ಸಿಗರೇಟೂ ಹೆಚ್ಚಾಗಿತ್ತು. ನಾನು ಎದುರು ಕೂತು ಕ್ಷಮೆ ಕೇಳಿದೆ. 'ಅಕ್ಕನಿಗೆ ನಾನೇ ಹೇಳುತ್ತಿದ್ದೆ, ಒಂದಲ್ಲ ಒಂದು ದಿನ ನನ್ನ ಬಾಯಿಂದಲೇ ಹೇಳುತ್ತಿದ್ದೆ' ಅಂದರು, ಅಷ್ಟೇ. ಅಷ್ಟರಲ್ಲಿ ಕಾಯುವ ಕೋಣೆಯಲ್ಲಿ ಸುದ್ದಿ ಹಬ್ಬಿ ಉಳಿದವರೂ ಆ್ಯಪ್ ಅಳಿಸಿದ್ದರು. ಅವರನ್ನು ದೂರಲು ಆಗುವುದಿಲ್ಲ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ಕಪ್ಪು ಗಂಡಸರ ಸಿಫಿಲಿಸ್‌ಗೆ ಔಷಧಿ ಕೊಡದೆ ನೋಡುತ್ತಾ ಕೂತ ದೇಶ ಅದು. ಸಂಶೋಧನೆ ಅಂದರೆ ಅವರ ಮನೆಗಳಲ್ಲಿ ಇವತ್ತಿಗೂ ಆ ಕಥೆ ಬರುತ್ತದೆ. ನಮ್ಮ ಯೋಜನೆ ಅಲ್ಲಿಗೆ ನಿಂತಿತು. ನಿಲ್ಲಬೇಕಾದದ್ದೇ.

ಆ ಮೇಲೆ ಅದೇ ನರ್ಸ್ ಜೊತೆ ಬರೀ ಸ್ವಯಂಸೇವಕನಾಗಿ ಕೆಲಸ ಮಾಡಿದೆ, ಯಾವುದು ಕೈ ಹಿಡಿಯುತ್ತದೆ ಅಂತ ಆಗ ಕಂಡೆ. ಮೊದಲನೆಯದು ಔಷಧಿ, ಅದೂ ಅದೇ ದಿನ ಕೈಗೆ ಸಿಗಬೇಕು. ಸಿಗರೇಟು ಬಿಡಲು ಕೊಡುವ ವರೆನಿಕ್ಲಿನ್ ಮಾತ್ರೆಯ ಬಗ್ಗೆ ಜನರಿಗೆ ಹೆದರಿಕೆಯಿದೆ, ಮನಸ್ಸು ಕೆಡಿಸುತ್ತದೆ ಅನ್ನುತ್ತಾರೆ. 2009ರಲ್ಲಿ ಎಫ್‌ಡಿಎ ಅದರ ಮೇಲೆ ಗಂಭೀರ ಅಪಾಯಕ್ಕೆ ಹಾಕುವ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತ್ತು, ಆದರೆ ದೊಡ್ಡ ಪರೀಕ್ಷೆ ನಡೆದ ಮೇಲೆ 2016ರಲ್ಲಿ ಅದನ್ನು ತೆಗೆದರು. ತೆಗೆದ ಸುದ್ದಿ ಮಾತ್ರ ಬಡಾವಣೆಗೆ ಮುಟ್ಟಿಲ್ಲ. ಕಾನ್ಸಾಸ್ ಸಿಟಿಯಲ್ಲಿ 500 ಕಪ್ಪು ವರ್ಣೀಯರ ಮೇಲೆ, ಕಡಿಮೆ ಸೇದುವವರನ್ನೂ ಸೇರಿಸಿಕೊಂಡು, ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು: ಆರು ತಿಂಗಳಿಗೆ ವರೆನಿಕ್ಲಿನ್ ಪಡೆದವರಲ್ಲಿ ಶೇ 15.7, ಔಷಧಿಯಿಲ್ಲದ ಬರೀ ಸಪ್ಪೆ ಮಾತ್ರೆ ಪಡೆದವರಲ್ಲಿ ಶೇ 6.5 ಜನ ಬಿಟ್ಟಿದ್ದರು. ಈ ಔಷಧಿ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಎಚ್‌ಐವಿ ಮಾತ್ರೆಗಳ ಜೊತೆ ಜಗಳ ಕಡಿಮೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಡೋಸ್ ಅನ್ನು ಡಾಕ್ಟರ್ ನೋಡಬೇಕು.

ಎರಡನೆಯದು ಮನುಷ್ಯ. ಎಚ್‌ಐವಿ ಇದ್ದು, ಅದೇ ಬಡಾವಣೆಯಲ್ಲಿ ಬೆಳೆದು, ಮೆಂಥಾಲ್ ಬಿಟ್ಟವರು ಯಾರಾದರೂ ವಾರಕ್ಕೊಮ್ಮೆ ಫೋನ್ ಮಾಡಿದರೆ ಸಾಕು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದ, ಎಚ್‌ಐವಿ ಇರುವವರು ಸಿಗರೇಟು ಬಿಡಲೆಂದೇ ಮಾಡಿದ ಪಾಸಿಟಿವ್ಲಿ ಸ್ಮೋಕ್ ಫ್ರೀ ಕಾರ್ಯಕ್ರಮ ನೋಡಿ. ಅದು ಮೊದಲು ಒಂದು ಕೋಣೆಯಲ್ಲಿ ಗುಂಪಾಗಿ ಕೂತು ಮಾತಾಡುವುದಾಗಿತ್ತು, ಆ ಮೇಲೆ ವೆಬ್ಬಿಗೂ ಫೋನಿಗೂ ಹೋಯಿತು. ನೀವು ಆ ದಾರಿಯನ್ನು ತಲೆಕೆಳಗಾಗಿ ನಡೆಯಲು ಹೊರಟಿದ್ದೀರಿ.

ಆ್ಯಪ್‌ಗಳೇ ದಂಡ ಅನ್ನುತ್ತಿಲ್ಲ. 2020ರ ಒಂದು ಪರೀಕ್ಷೆಯಲ್ಲಿ ಐಕ್ಯಾನ್‌ಕ್ವಿಟ್ ಆ್ಯಪ್ ಬಳಸಿದವರಲ್ಲಿ ಶೇ 28 ಜನ ಒಂದು ವರ್ಷಕ್ಕೆ ಬಿಟ್ಟಿದ್ದರು, ಸರ್ಕಾರದ ಕ್ವಿಟ್‌ಗೈಡ್ ಆ್ಯಪ್ ಬಳಸಿದವರಲ್ಲಿ ಶೇ 21. ಸೇದುವ ಆಸೆಯೊಂದಿಗೆ ಗುದ್ದಾಡದೆ, ಅದು ಬಂದು ಹೋಗಲು ಬಿಡುವುದನ್ನು ಐಕ್ಯಾನ್‌ಕ್ವಿಟ್ ಹೇಳಿಕೊಡುತ್ತದೆ. ಇಷ್ಟು ಚೆನ್ನಾಗಿ ಪರೀಕ್ಷೆಯಾದದ್ದು ಇರುವಾಗ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್‌ನಲ್ಲಿ ಹೊಸದನ್ನು ಕಟ್ಟಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಬೇಕಾದರೆ ಅದನ್ನೇ ಅವರ ಫೋನಿಗೆ ಹಾಕಿಕೊಟ್ಟು, ನಿಮ್ಮ ಸಮಯವನ್ನು ಔಷಧಿ ಕೊಡಿಸುವುದಕ್ಕೂ ಮಾತಾಡುವವರನ್ನು ಹುಡುಕುವುದಕ್ಕೂ ಇಡಿ.

ಪ್ರೊಫೆಸರ್ ಆ್ಯಪ್ ಬೇಕೇ ಬೇಕು ಅಂದರೆ, ವಾಲ್‌ಮಾರ್ಟ್‌ನಲ್ಲಿ ಸಿಗುವ ಅತಿ ಅಗ್ಗದ ಆಂಡ್ರಾಯ್ಡ್ ಫೋನ್ ತಂದು, ಪಿನ್ ಹಾಕದೆ, ನಿಮ್ಮ ರೂಮ್‌ಮೇಟ್‌ಗಳು ಓಡಾಡುವ ಅಡುಗೆಮನೆಯಲ್ಲಿ ಇಡಿ. ಬರುವ ಪ್ರತಿ ಸಂದೇಶವನ್ನೂ ಅವರು ಓದಲಿ. ಇದು ಎಚ್‌ಐವಿ ಕ್ಲಿನಿಕ್ಕಿನದು ಅಂತ ಅವರಿಗೆ ಗೊತ್ತಾಗುವ ಹಾಗಿದ್ದರೆ, ಹೆಸರಿನಿಂದಾಗಲಿ, ಐಕಾನ್‌ನಲ್ಲಿರುವ ಕೆಂಪು ರಿಬ್ಬನ್‌ನಿಂದಾಗಲಿ, ಅದನ್ನು ಯಾರ ಕೈಗೂ ಕೊಡಬೇಡಿ. ಸಂದೇಶಗಳ ಕರಡು ಇದ್ದರೆ ಇಲ್ಲೇ ಹಾಕಿ, ಒಂದೊಂದನ್ನೂ ಓದಿ ಹೇಳುತ್ತೇನೆ.